ಅಪ್ಪ ಕೊಟ್ಟುಬಿಟ್ಟ ಬಾವಿ

ನನ್ನ ಮೊಮ್ಮಗಳು ಸೌಮ್ಯ ಇವತ್ತು ಮಧ್ಯಾಹ್ನ ನಮ್ಮ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ ಆದಳು. ಇದನ್ನು ಮೊದಲು ಹೇಳಿಬಿಟ್ಟರೆ ನನ್ನ ಎದೆ ಹಗುರಾಗುತ್ತದೆ, ಮಿಕ್ಕಿದ್ದನ್ನು ನಿಧಾನವಾಗಿ ಹೇಳುತ್ತೇನೆ. ಮಗ ಪಂಚಾಯ್ತಿ ಆಫೀಸಿನ ಮುಂದೆ ನಿಂತು ಫೋನು ಮಾಡಿದಾಗ ನಾನು ಹುಳದ ಮನೆಯಲ್ಲಿ ರೇಷ್ಮೆ ಹುಳಗಳಿಗೆ ಸೊಪ್ಪು ಹಾಕುತ್ತಿದ್ದೆ. ಪಟಾಕಿ ಸದ್ದಿನಲ್ಲಿ ಅವನ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧವೇ ನನಗೆ ಸಾಕಾಯಿತು. ಸೊಪ್ಪಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಸಕ್ಕರೆ ಡಬ್ಬಿ ಹಿಡಿದು ಬೀದಿಗೆ ಬಂದೆ. ಎದುರು ಮನೆಗೆ, ಪಕ್ಕದ ಮನೆಗೆ, ಹಾಲಿನವನಿಗೆ ಕೊಟ್ಟೆ. ಸಾದಲಿ ಕಡೆಯಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ ಡ್ರೈವರಿಗೂ ಕಂಡಕ್ಟರಿಗೂ ಒಂದೊಂದು ಹಿಡಿ ಸಕ್ಕರೆ ಕೊಟ್ಟೆ. ಈ ವಯಸ್ಸಿನಲ್ಲಿ ಮದುವೆಯೇನಜ್ಜಿ ಎಂದು ಕಂಡಕ್ಟರು ನಕ್ಕ. ಅದಕ್ಕಿಂತ ದೊಡ್ಡದು ಕಣಪ್ಪ, ನನ್ನ ಮೊಮ್ಮಗಳು ಅಧ್ಯಕ್ಷೆ ಆದಳು ಅಂದೆ. ಬಸ್ಸಿನೊಳಗಿದ್ದವರೆಲ್ಲ ಕಿಟಕಿಯಿಂದ ಕೈ ಚಾಚಿದರು. ಡಬ್ಬಿ ಖಾಲಿಯಾಯಿತು.

ಒಳಗೆ ಬಂದಾಗ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸಂತೋಷಕ್ಕಾ ಅತ್ತೆ ಎಂದು ಸೊಸೆ ಕೇಳಿದಳು. ಹೂಂ ಅಂದೆ. ಅದು ನಿಜವೇ, ಆದರೆ ಆ ಅಳುವಿನಲ್ಲಿ ಒಂದು ಪಾಲು ದಿಗಿಲೂ ಇತ್ತು. ನಮ್ಮ ಕಡೆಯವರಲ್ಲಿ ಇಂಥ ಕುರ್ಚಿಯ ಮೇಲೆ ಮೊದಲು ಕೂತವನು ನಮ್ಮಪ್ಪ. ನಾನು ಆಗ ಒಂಬತ್ತು ವರ್ಷದ ಹುಡುಗಿ. ಒಳ್ಳೆಯವನಾಗಿ ಅಧಿಕಾರ ನಡೆಸಬೇಕೆಂದು ಹೊರಟವನಿಗೆ ಏನೇನಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ನೋಡಿದ್ದೇನೆ. ಸೌಮ್ಯನಿಗೆ ಅದನ್ನು ಯಾವತ್ತೂ ಹೇಳಿರಲಿಲ್ಲ.

ನಾನು ಹುಟ್ಟಿದ್ದು ಮಂಚೇನಹಳ್ಳಿಯ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಅಪ್ಪ ಗಾರೆ ಕೆಲಸದ ಮೇಸ್ತ್ರಿ, ಹೆಸರು ಜ್ಞಾನಪ್ಪ. ಊರಿನ ದೊಡ್ಡ ಮನೆಗಳನ್ನೆಲ್ಲ ಕಟ್ಟಿದವನು ಅವನೇ. ನಮ್ಮ ಮನೆ ಮಾತ್ರ ಮಣ್ಣಿನ ಗೋಡೆಯದು, ಎರಡೇ ಕೋಣೆ. ಅಂಗಳದಲ್ಲಿ ಸುಣ್ಣ ನೆನೆಹಾಕುವ ಗುಂಡಿಯೊಂದು ಇತ್ತು. ಹಾಗಾಗಿ ನಮ್ಮ ಬಟ್ಟೆಗೆ, ಹಾಸಿಗೆಗೆ, ಒಂದೊಂದು ಸಲ ಉಪ್ಪುಸಾರಿಗೂ ಸುಣ್ಣದ ವಾಸನೆ ಅಂಟಿಕೊಂಡಿರುತ್ತಿತ್ತು. ಮುಂದಿನ ಕೋಣೆಯ ಗೂಡಿನಲ್ಲಿ ಸತ್ಯವೇದ, ಅದರ ಪಕ್ಕದ ಮೊಳೆಗೆ ಗೋಡೆ ನೆಟ್ಟಗಿದೆಯೇ ಎಂದು ನೋಡುವ ದಾರದ ಗುಂಡು. ಹಿಂದಿನ ಕೋಣೆ ಅಮ್ಮನದು. ಅಲ್ಲಿ ಒಲೆ, ಬೀಸುವ ಕಲ್ಲು, ಮೂರು ನೀರಿನ ಮಡಕೆ. ಮಡಕೆಯ ತಳ ಕಾಣಿಸುತ್ತಿದ್ದಂತೆ ಅಮ್ಮನ ದನಿ ಬದಲಾಗುತ್ತಿತ್ತು. ಅಕ್ಕಿ ತೊಳೆದ ನೀರಿನಲ್ಲಿ ಸೊಪ್ಪು ತೊಳೆದು, ಸೊಪ್ಪು ತೊಳೆದ ನೀರನ್ನು ಕೋಳಿಗಿಟ್ಟು, ಕೋಳಿ ಬಿಟ್ಟಿದ್ದನ್ನು ಸುಣ್ಣದ ಗುಂಡಿಗೆ ಸುರಿಯುತ್ತಿದ್ದಳು. ಊಟಕ್ಕೆ ಕೂತ ಅಪ್ಪ ಇನ್ನೊಂದು ಲೋಟ ನೀರು ಕೇಳಿದರೆ ಅಮ್ಮ ಕೊಡುತ್ತಿದ್ದಳು, ಆದರೆ ಕೊಡುವ ಮುಂಚೆ ಒಂದು ಗಳಿಗೆ ಮಡಕೆಯನ್ನೇ ನೋಡುತ್ತಿದ್ದಳು.

ನಮ್ಮ ಕೇರಿಯಲ್ಲಿ ಬಾವಿ ಇರಲಿಲ್ಲ. ನಮ್ಮ ಕ್ರೈಸ್ತ ಸಭೆಗೆ ಸೇರಿದ ಹನ್ನೆರಡು ಮನೆ, ಸೇರದ ಇಪ್ಪತ್ತು ಮನೆ, ಎಲ್ಲರೂ ಮೇಲುಬೀದಿಯ ಬಾವಿಗೇ ಹೋಗಬೇಕಿತ್ತು. ಹೋದರೂ ನಾವು ಸೇದುವ ಹಾಗಿಲ್ಲ. ಕಟ್ಟೆಯಿಂದ ನಾಲ್ಕು ಮಾರು ದೂರ ಕೊಡ ಇಟ್ಟುಕೊಂಡು ಕೂರಬೇಕು. ಮೇಲುಬೀದಿಯ ಹೆಂಗಸು ಯಾರಾದರೂ ಮನಸ್ಸು ಮಾಡಿ, ತಾನು ಸೇದಿದ ನೀರನ್ನು ಎತ್ತರದಿಂದ ನಮ್ಮ ಕೊಡಕ್ಕೆ ಹುಯ್ಯಬೇಕು. ಅರ್ಧ ನೀರು ನೆಲಕ್ಕೆ ಬೀಳುತ್ತಿತ್ತು. ಅಮ್ಮ ಕೂತಿರುತ್ತಿದ್ದಳು, ಅಮ್ಮನ ಪಕ್ಕದಲ್ಲಿ ನಾನು. ಅವರ ಮನೆಯ ಕೆಲಸವೆಲ್ಲ ಮುಗಿಯುವ ಹೊತ್ತಿಗೆ ಸ್ಕೂಲಿನ ಗಂಟೆ ಹೊಡೆದುಬಿಡುತ್ತಿತ್ತು. ನಾನು ನಾಲ್ಕನೇ ಕ್ಲಾಸಿಗೇ ಓದು ಬಿಡಲು ಬೇರೆ ಕಾರಣವೇನೂ ಇಲ್ಲ, ಆ ಕೊಡವೇ ಕಾರಣ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ತಿಂಗಳ ಮೊದಲನೇ ಭಾನುವಾರ ಗೌರಿಬಿದನೂರಿನಿಂದ ಪಾದ್ರಿ ಅಯ್ಯನವರು ಬಸ್ಸಿನಲ್ಲಿ ಬಂದು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುತ್ತಿದ್ದರು. ಹಿಂದಿನ ದಿನ ಶನಿವಾರ ಸಂಜೆ ಎಲ್ಲರೂ ಸ್ನಾನ ಮಾಡಿ ಒಬ್ಬರ ಮನೆಗೆ ಒಬ್ಬರು ಹೋಗಿ ಸಮಾಧಾನ ಕೇಳಬೇಕು. ಬಾಗಿಲಲ್ಲಿ ನಿಂತು, ನನ್ನ ಮೇಲೆ ಏನಾದ್ರೂ ಐತಾ ಎಂದು ಕೇಳಬೇಕು. ಒಳಗಿನವರು ಇಲ್ಲ ಎಂದರೆ ಮುಂದಿನ ಮನೆ. ಐತೆ ಎಂದರೆ ಅಲ್ಲೇ ಕೂತು ಬಗೆಹರಿಸಿಕೊಳ್ಳಬೇಕು. ಬಗೆಹರಿಯದಿದ್ದರೆ ಕೇಳಿದವರು ಮಾರನೆಯ ದಿನ ಭೋಜನಕ್ಕೆ ಮುಂದೆ ಹೋಗಬಾರದು, ಹಿಂದಿನ ಬೆಂಚಿನಲ್ಲಿ ಕೂರಬೇಕು. ನಾನೂ ಒಂದು ಸಲ ಪಕ್ಕದ ಮನೆಯ ಹುಣಸೆಕಾಯಿ ಕದ್ದು, ಅವರ ಬಾಗಿಲಲ್ಲಿ ನಿಂತು, ಐತಾ ಎಂದು ಕೇಳಿ, ಅವರು ಐತೆ ಎಂದಾಗ ಗೊಳೋ ಎಂದು ಅತ್ತಿದ್ದೇನೆ. ಹೊರಗಿನ ಮನೆಗಳಾದ ಮೇಲೆ ಕೊನೆಗೆ ಮನೆಯೊಳಗಿನವರು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಅಪ್ಪ ಒಲೆಯ ಹತ್ತಿರ ಬಂದು ಅಮ್ಮನನ್ನು ಕೇಳುತ್ತಿದ್ದ. ಅಮ್ಮ ಮುದ್ದೆ ತೊಳಸುತ್ತಲೇ, ಏನೂ ಇಲ್ಲ ಹೋಗ್ರಿ ಎನ್ನುತ್ತಿದ್ದಳು.

ಅಪ್ಪ ಪಂಚಾಯ್ತಿಗೆ ಛೇರ್ಮನ್ ಆಗಿದ್ದು ಅವನಿಗೆ ಆಸೆ ಇದ್ದದ್ದಕ್ಕಲ್ಲ. ಒಂಬತ್ತು ಜನ ಮೆಂಬರುಗಳಲ್ಲಿ ಮೇಲುಬೀದಿಯ ಅಶ್ವತ್ಥಪ್ಪನ ಕಡೆ ನಾಲ್ಕು, ಕೆಳಬೀದಿಯ ನಂಜುಂಡಪ್ಪನ ಕಡೆ ನಾಲ್ಕು. ಇಬ್ಬರೂ ಜಮೀನುದಾರರು, ಒಬ್ಬರ ಮುಖ ಒಬ್ಬರಿಗೆ ಆಗದು. ಅವನು ಕೂರಬಾರದು ಎಂದು ಇವನು, ಇವನು ಕೂರಬಾರದು ಎಂದು ಅವನು. ಕೊನೆಗೆ, ನಮ್ಮಿಬ್ಬರ ಮನೇನೂ ಕಟ್ಟಿದೋನು, ಯಾರಿಗೂ ಎದುರು ಹೇಳದೋನು, ಮೇಸ್ತ್ರಿ ಕೂತ್ಕೊಳ್ಳಲಿ ಬಿಡು ಎಂದು ಒಂಬತ್ತನೆಯವನಾದ ಅಪ್ಪನನ್ನು ಕೂರಿಸಿದರು. ಅಪ್ಪ ಆ ದಿನ ಮನೆಗೆ ಬಂದು ಸತ್ಯವೇದದ ಮುಂದೆ ಮೊಣಕಾಲೂರಿ ತುಂಬಾ ಹೊತ್ತು ಕೂತಿದ್ದ. ಎದ್ದು ಅಮ್ಮನಿಗೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಈ ಕುರ್ಚಿಯಿಂದ ನಮ್ಮ ಮನೆಗೆ ಒಂದು ಕಡ್ಡೀನೂ ಬರಬಾರದು ಕಣೇ ರಾಹೇಲು. ಜ್ಞಾನಪ್ಪ ತನಗೋಸ್ಕರ ಮಾಡ್ಕೊಂಡ ಅಂತ ಒಬ್ಬನೂ ಅನ್ನಬಾರದು."

ಅಮ್ಮನಿಗೆ ಆಗ ಅದು ಹೆಮ್ಮೆಯಾಗಿಯೇ ಕಂಡಿತ್ತು.

ಮಾತಿನಂತೆಯೇ ನಡೆದ. ಸ್ಕೂಲಿಗೆ ಗೋಡೆ ಹಾಕುವ ಕೆಲಸ ಬಂದಾಗ ಬೇರೆ ಊರಿನ ಮೇಸ್ತ್ರಿಯನ್ನು ಕರೆಸಿದ. ಯಾರೋ ಕುಂಬಳಕಾಯಿ ತಂದಿಟ್ಟು ಹೋದರೆ ನನ್ನ ತಲೆಯ ಮೇಲೆ ಹೊರಿಸಿ ವಾಪಸು ಕಳಿಸಿದ. ಇದೆಲ್ಲ ಊರಿಗೆ ತಮಾಷೆಯಾಗಿತ್ತು. ಆಮೇಲೆ ಬಾವಿ ಬಂತು. ಸರ್ಕಾರದಿಂದ ನಮ್ಮ ಊರಿಗೆ ಒಂದು ಕುಡಿಯುವ ನೀರಿನ ಬಾವಿ ಮಂಜೂರಾಗಿದೆ, ಜಾಗವನ್ನು ಪಂಚಾಯ್ತಿ ತೀರ್ಮಾನಿಸಲಿ ಎಂದು ಕಾಗದ ಬಂತು. ನಮ್ಮ ಕೇರಿಗೇ ಬರಬೇಕು ಎಂದು ನಂಜುಂಡಪ್ಪನ ನಾಲ್ಕು ಜನ ಹೇಳಿದರು. ನಮ್ಮ ಮೇಲಿನ ಪ್ರೀತಿಗಲ್ಲ, ಮೇಲುಬೀದಿಗೆ ಹೋಗಬಾರದು ಎಂಬ ಹಟಕ್ಕೆ. ಮೇಲುಬೀದಿಯಲ್ಲಿ ಆಗಲೇ ಎರಡು ಬಾವಿ ಇದ್ದವು, ಒಂದರ ನೀರು ಉಪ್ಪಾಗಿದೆ ಎಂಬುದು ಅಶ್ವತ್ಥಪ್ಪನ ವಾದ. ನಾಲ್ಕಕ್ಕೆ ನಾಲ್ಕಾಯಿತು. ಅಪ್ಪನ ಕೈ ಯಾವ ಕಡೆ ಏಳುತ್ತದೋ ಆ ಕಡೆ ಬಾವಿ.

ಆ ವಾರ ನಮ್ಮ ಕೇರಿಯ ಹೆಂಗಸರು ಅಮ್ಮನನ್ನು ನೆಲದ ಮೇಲೆ ನಡೆಯಲು ಬಿಡಲಿಲ್ಲ. ಒಬ್ಬಳು ಜಾಗ ನೋಡಿದಳು, ಇನ್ನೊಬ್ಬಳು ರಾಟೆಗೆ ಹಗ್ಗ ಹೊಸೆದುಕೊಡುತ್ತೇನೆ ಎಂದಳು. ಹಲ್ಲಿಲ್ಲದ ಚೌಡಮ್ಮ ಎಂಬ ಮುದುಕಿ ಇದ್ದಳು, ನಮ್ಮ ಸಭೆಯವಳಲ್ಲ, ಕೇರಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದವಳು, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವವಳು. ಅವಳು ಬಂದು ಅಮ್ಮನ ಗಲ್ಲ ಸವರಿ ಹೋದಳು. ಅದೇ ವಾರ ಅಶ್ವತ್ಥಪ್ಪನೂ ಅಪ್ಪನನ್ನು ಕರೆಸಿದ್ದ. ಅವನು ಏನೂ ಕೊಡಲಿಲ್ಲ. ಎದೆಯ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದನಂತೆ: ಸರ್ಕಾರಿ ಬಾವಿ ಮೇಸ್ತ್ರಿ, ಎಲ್ಲಿ ತೋಡಿದರೇನು, ಎಲ್ಲರೂ ಸೇದಿಕೊಳ್ಳಲಿ, ನಿನ್ನ ಹೆಂಡತಿಯೂ ಬಂದು ಸೇದಲಿ. ಹೌದು ಎಂದವನು ಹೌದೆಂದೇ ನಡೆದುಕೊಳ್ಳುತ್ತಾನೆ ಎಂದು ನಂಬಿದ ಮನುಷ್ಯ ನಮ್ಮಪ್ಪ. ಬರೆಸಿಕೊಳ್ಳಲಿಲ್ಲ. ಮೀಟಿಂಗಿನಲ್ಲಿ ಅಪ್ಪನ ಕೈ ಮೇಲುಬೀದಿಯ ಕಡೆಗೆ ಎದ್ದಿತು.

ಅಮ್ಮ ಆ ದಿನ ಜಗಳ ಆಡಲಿಲ್ಲ. ಯಾಕೆ ಎಂದು ಮಾತ್ರ ಕೇಳಿದಳು. ನಮ್ಮ ಕೇರಿಗೆ ನಾನೇ ಹಾಕಿಸಿಕೊಂಡರೆ, ಹೆಂಡತಿಗೋಸ್ಕರ ಬಾವಿ ತೋಡಿಸಿಕೊಂಡ ಅಂತಾರೆ, ಎಂದ ಅಪ್ಪ. ಅಲ್ಲಿ ತೋಡಿದರೂ ನೀನೇ ಸೇದಬಹುದು, ಅವರು ಮಾತು ಕೊಟ್ಟಿದ್ದಾರೆ ಎಂದ. ಸರಿ ನೋಡೋಣ ಎಂದಳು ಅಮ್ಮ. ಬೇಸಿಗೆಯ ಹೊತ್ತಿಗೆ ಬಾವಿಯಲ್ಲಿ ನೀರು ಬಂತು. ಪೂಜೆಯಾಯಿತು. ಮಾರನೆಯ ಬೆಳಿಗ್ಗೆ ಅಮ್ಮ ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು, ಕೊಡವನ್ನು ಬೂದಿ ಹಾಕಿ ಉಜ್ಜಿ, ತಲೆ ಬಾಚಿ, ನನ್ನ ಕೈ ಹಿಡಿದು ಹೊರಟಳು. ಅಶ್ವತ್ಥಪ್ಪನ ಹೆಂಡತಿ ಗೌರಮ್ಮ ಕಟ್ಟೆಯ ಮೇಲಿದ್ದಳು. ಬಯ್ಯಲಿಲ್ಲ, ಮುಖ ಸಿಂಡರಿಸಲಿಲ್ಲ. ನಗುತ್ತಲೇ ಕೆಳಗಿಳಿದು ಬಂದು, ಹಗ್ಗದ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಅಮ್ಮನ ಹೆಗಲಿನಿಂದ ಎಳೆದು ನೆಲಕ್ಕೆ ಹಾಕಿದಳು.

"ನಿನಗ್ಯಾಕಮ್ಮ ತೊಂದರೆ, ಛೇರ್ಮನ್ನರ ಹೆಂಡ್ತಿ ನೀನು. ಅಲ್ಲಿ ಕೂತ್ಕೋ, ನಾವೇ ಹುಯ್ತೀವಿ."

ಅಮ್ಮ ಕೂರಲಿಲ್ಲ. ಖಾಲಿ ಕೊಡ ಹೊತ್ತು ವಾಪಸು ಬಂದಳು. ಹಳ್ಳದ ಮರಳಿನಲ್ಲಿ ಒರತೆ ತೋಡಿ ಒಂದು ಕೊಡ ತುಂಬಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಅಪ್ಪ ವಿಷಯ ಕೇಳಿ ಅಶ್ವತ್ಥಪ್ಪನ ಮನೆಗೆ ಹೋದ. ನಾನು ಬೇಡ ಅಂದೆನಾ ಮೇಸ್ತ್ರಿ, ಹೆಂಗಸರ ಮಾತು, ನಾನು ಅದರ ಮಧ್ಯೆ ಹೋಗೋಕಾಗುತ್ತಾ ಎಂದನಂತೆ ಅವನು.

ಆ ಶನಿವಾರ ಸಂಜೆ ಅಪ್ಪ ಹನ್ನೊಂದು ಮನೆಗೆ ಹೋಗಿ ಸಮಾಧಾನ ಕೇಳಿ ಬಂದ. ಎಲ್ಲರೂ ಇಲ್ಲ ಎಂದಿದ್ದರು. ಅಪ್ಪ ಸಭೆಯ ಹಿರಿಯ, ಅವನಿಗೆ ಐತೆ ಎನ್ನುವ ಧೈರ್ಯ ಯಾರಿಗಿದೆ? ಕೊನೆಗೆ ಒಲೆಯ ಹತ್ತಿರ ಬಂದ. ನಾನು ಹೊಸ್ತಿಲ ಮೇಲೆ ಕೂತು ಹುರುಳಿಕಾಳು ಆರಿಸುತ್ತಿದ್ದೆ.

"ನನ್ನ ಮೇಲೆ ಏನಾದ್ರೂ ಐತಾ?"

"ಐತೆ," ಎಂದಳು ಅಮ್ಮ.

ಅಪ್ಪ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ತಪ್ಪಾಯಿತು ಎಂದ. ನಂಬಿ ಕೆಟ್ಟೆ ಎಂದ. ಅವರು ಮೋಸ ಮಾಡಿದರು ಎಂದ. ಅಮ್ಮ ಎಲ್ಲವನ್ನೂ ಕೇಳಿ, ಅದಲ್ಲ ಎಂದಳು. ಮತ್ತೇನು ಎಂದರೆ ಹೇಳಲಿಲ್ಲ. ನೀವೇ ಹುಡುಕ್ಕೊಳ್ಳಿ ಎಂದಳು. ಮಾರನೆಯ ದಿನ ಚರ್ಚಿನಲ್ಲಿ ಎಲ್ಲರೂ ಮುಂದೆ ಹೋದಾಗ ಅಪ್ಪ ಹಿಂದಿನ ಬೆಂಚಿನಲ್ಲಿ ಉಳಿದ. ಭೋಜನದ ತಟ್ಟೆಯನ್ನು ಅಯ್ಯನವರ ಪಕ್ಕದಲ್ಲಿ ಹಿಡಿದು ನಿಲ್ಲಬೇಕಾದವನೇ ಅವನು. ನಮ್ಮ ಚರ್ಚಿನ ಕಿಟಕಿಗಳಿಗೆ ಬಾಗಿಲಿರಲಿಲ್ಲ. ಸೊಪ್ಪು ಕೊಯ್ದು ಹೋಗುತ್ತಿದ್ದವರು, ದನ ಹೊಡೆದುಕೊಂಡು ಹೋಗುತ್ತಿದ್ದವರು, ಎಲ್ಲರೂ ನೋಡಿದರು. ಮುಂದಿನ ತಿಂಗಳೂ ಅಮ್ಮ ಐತೆ ಎಂದಳು. ಅದರ ಮುಂದಿನ ತಿಂಗಳೂ. ಮನೆಯಲ್ಲಿ ಬೇರೆ ಎಲ್ಲವೂ ನಡೆಯುತ್ತಿತ್ತು. ಅಮ್ಮ ಅಪ್ಪನಿಗೆ ಬಿಸಿ ಮುದ್ದೆ ಬಡಿಸುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಕೆಮ್ಮಿದರೆ ಶುಂಠಿ ಕಷಾಯ ಕಾಯಿಸುತ್ತಿದ್ದಳು. ಆ ಒಂದು ಮಾತನ್ನು ಮಾತ್ರ ಬಿಡಲೊಲ್ಲಳು. ನನಗೆ ಅವರಿಬ್ಬರ ನಡುವೆ ಕೂತು ಉಣ್ಣುವುದೇ ಕಷ್ಟವಾಗುತ್ತಿತ್ತು.

ಊರು ಸುಮ್ಮನಿರಲಿಲ್ಲ. ಸಭೆಯವರೇ ಜ್ಞಾನಪ್ಪನನ್ನು ಹೊರಗಿಟ್ಟಿದ್ದಾರೆ ಎಂದು ಮಾತು ಹುಟ್ಟಿತು. ಯಾಕೆ ಹೊರಗಿಟ್ಟರು? ಅಶ್ವತ್ಥಪ್ಪನ ಹತ್ತಿರ ಏನೋ ತಿಂದಿದ್ದಾನೆ. ಏನು ತಿಂದ? ಒಂದು ಸೀಮೆಹಸು ಕೊಡುವ ಮಾತಾಗಿದೆಯಂತೆ, ಗಬ್ಬವಾಗಿದೆಯಂತೆ, ಕರು ಹಾಕಿದ ಮೇಲೆ ಬರುತ್ತದಂತೆ. ಇಲ್ಲದ ಆ ಹಸುವಿನ ಬಣ್ಣವನ್ನೂ ಜನ ಹೇಳುತ್ತಿದ್ದರು. ನಂಜುಂಡಪ್ಪ ಅವಿಶ್ವಾಸಕ್ಕೆ ನೋಟೀಸು ಕೊಟ್ಟ. ವಿಷಯ ತಿಳಿದು ಅಯ್ಯನವರು ವಾರದ ಮಧ್ಯದಲ್ಲೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಚಾಪೆಯ ಮೇಲೆ ಕೂತು, ಅಮ್ಮ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಬುದ್ಧಿ ಹೇಳಿದರು. ನಿನ್ನ ಒಂದು ಮಾತಿನಿಂದ ಅವರ ಮರ್ಯಾದೆ ಉಳಿಯುತ್ತದಮ್ಮ, ಇಲ್ಲ ಎಂದುಬಿಡು, ಈ ಭಾನುವಾರ ಅವರು ಮುಂದೆ ಬಂದು ನಿಂತರೆ ಊರಿನ ಬಾಯಿ ಮುಚ್ಚುತ್ತದೆ ಎಂದರು. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು.

"ಸುಳ್ಳು ಹೇಳಿ ಅವರನ್ನ ಭೋಜನಕ್ಕೆ ಕಳಿಸ್ಲಾ ಅಯ್ಯನೋರೇ? ನೀವು ಹೇಳಿ ಅಂದ್ರೆ ಹೇಳ್ತೀನಿ."

ಅಯ್ಯನವರು ಮಜ್ಜಿಗೆ ಕುಡಿದು ಎದ್ದು ಹೋದರು.

ಅವಿಶ್ವಾಸದ ಮೀಟಿಂಗು ನಡೆದದ್ದು ಸ್ಕೂಲಿನ ಜಗಲಿಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ. ಊರೆಲ್ಲ ಸೇರಿತ್ತು. ಕೇರಿಯ ಹೆಂಗಸರು ಗೋಡೆಯ ಪಕ್ಕ ನಿಂತಿದ್ದರು, ಅಮ್ಮನೂ ನಾನೂ ಅವರ ಜೊತೆ. ನಂಜುಂಡಪ್ಪ ಎದ್ದು ನಿಂತು ಹಸುವಿನ ಮಾತನ್ನು ಮೆಲ್ಲಗೆ ಹೇಳಿ, ಭೋಜನದ ಮಾತನ್ನು ಗಟ್ಟಿಯಾಗಿ ಹೇಳಿದ. ತಪ್ಪಿಲ್ಲದಿದ್ದರೆ ಅವರ ದೇವರ ಮುಂದೆ ಯಾಕೆ ಹೋಗುತ್ತಿಲ್ಲ, ಛೇರ್ಮನ್ನರೇ ಹೇಳಲಿ ಎಂದ. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಹೇಳಿದರೆ ಹೆಂಡತಿಯ ಹೆಸರು ಹೇಳಬೇಕು. ಮನೆಯೊಳಗಿನ ಮಾತನ್ನು ಬೀದಿಗೆ ಹಾಕಬೇಕು. ಅವನು ಬಾಯಿ ಬಿಡುವುದಿಲ್ಲ ಎಂದು ನನಗೂ ಗೊತ್ತಾಯಿತು, ಅಮ್ಮನಿಗೂ ಗೊತ್ತಾಯಿತು. ಅಮ್ಮ ನನ್ನ ಕೈ ಬಿಟ್ಟು ಜಗಲಿಯ ಮೆಟ್ಟಿಲವರೆಗೆ ಹೋದಳು. ಹೆಂಗಸು ಪಂಚಾಯ್ತಿಯಲ್ಲಿ ಮಾತಾಡಿದ್ದು ಆ ಊರಿನಲ್ಲಿ ಅದೇ ಮೊದಲು.

"ಅವರನ್ನ ತಡೆದಿರೋಳು ನಾನು. ಅಶ್ವತ್ಥಪ್ಪನೋರ ಮನೆಯಿಂದ ಹಸೂನೂ ಬಂದಿಲ್ಲ, ಸಗಣೀನೂ ಬಂದಿಲ್ಲ. ನನಗೆ ಅವರ ಮೇಲೆ ಇರೋದು ಒಂದೇ. ಮೂವತ್ತೆರಡು ಮನೆ ಹೆಂಗಸರು ಕೊಡ ಇಟ್ಕೊಂಡು ಕೂತಿದ್ವಿ. ನಮ್ಮ ಬಾವೀನ ನಿಮಗೆ ಕೊಟ್ಟುಬಿಟ್ರು. ಮೋಸ ಹೋಗಿ ಕೊಡಲಿಲ್ಲ. ಒಳ್ಳೆಯೋನು ಅನ್ನಿಸ್ಕೊಳ್ಳೋ ಆಸೆಗೆ ಕೊಟ್ರು. ಅವರು ಒಳ್ಳೆಯೋರಾದ್ರು, ನಾವು ಹಳ್ಳದಲ್ಲಿ ಮರಳು ತೋಡಿದ್ವಿ."

ಅಪ್ಪ ತಲೆಯೆತ್ತಿ ಅಮ್ಮನನ್ನು ನೋಡಿದ. ಮೂರು ತಿಂಗಳಿಂದ ಹುಡುಕುತ್ತಿದ್ದದ್ದು ಸಿಕ್ಕಿದವನ ಹಾಗೆ ಅವನ ಮುಖ ಇತ್ತು, ಅದನ್ನು ಸಂತೋಷ ಎನ್ನಲಾಗದು. ಎದ್ದು ನಿಂತು, ಅವಳು ಹೇಳಿದ್ದು ಸರಿ ಎಂದು ಅಷ್ಟೇ ಹೇಳಿದ. ಆಮೇಲೆ ಕೈ ಎತ್ತಿಸಿದರು. ನಂಜುಂಡಪ್ಪನ ಕಡೆಯ ನಾಲ್ಕು ಕೈ ಎದ್ದವು. ಬಾವಿ ಪಡೆದ ಅಶ್ವತ್ಥಪ್ಪನ ಕಡೆಯ ನಾಲ್ಕು ಕೈಯೂ ಎದ್ದವು. ಅವರಿಗೆ ಇನ್ನು ಅಪ್ಪನಿಂದ ಆಗಬೇಕಾದ್ದೇನೂ ಇರಲಿಲ್ಲ. ಕೊನೆಗೆ ಅಪ್ಪನೂ ತನ್ನ ಕೈ ಎತ್ತಿದ. ಮನೆಗೆ ಹೋಗುವ ದಾರಿಯಲ್ಲಿ ಅಮ್ಮ, ನೋಡಿದ್ರಾ, ಮತ್ತೆ ಒಳ್ಳೆಯೋನಾಗೋಕೆ ಹೋದ್ರಿ ಎಂದಳು. ಅಪ್ಪನಿಗೆ ನಗು ಬಂತು. ನಕ್ಕವನು ಅಂಗಳದ ಸುಣ್ಣದ ಗುಂಡಿಯ ಪಕ್ಕ ಕೂತು ಅತ್ತ. ಅಪ್ಪ ಅತ್ತದ್ದನ್ನು ನಾನು ಆವತ್ತೇ ಮೊದಲು ನೋಡಿದೆ. ಅಮ್ಮ ಹೋಗಿ ಪಕ್ಕದಲ್ಲಿ ಕೂತಳು.

ಆ ಶನಿವಾರ ಅಪ್ಪ ಸಭೆಯ ಮನೆಗಳಿಗಷ್ಟೇ ಅಲ್ಲ, ಕೇರಿಯ ಎಲ್ಲ ಮನೆಗೂ ಹೋದ. ಬಾವಿಯ ವಿಷಯದಲ್ಲಿ ನಿಮಗೆ ತಪ್ಪು ಮಾಡಿದೆ ಎಂದು ಒಂದೊಂದು ಬಾಗಿಲಲ್ಲೂ ಹೇಳಿದ. ಕೆಲವರು, ಹೋಗಲಿ ಬಿಡು ಮೇಸ್ತ್ರಿ ಎಂದರು. ಕೆಲವರು ಬಾಗಿಲಿಗೆ ಬರಲೇ ಇಲ್ಲ. ಚೌಡಮ್ಮ ಮಾತ್ರ ಗೋಡೆಗೆ ಒರಗಿಕೊಂಡೇ ತನ್ನ ತೆಲುಗಿನಲ್ಲಿ ಜವಾಬು ಕೊಟ್ಟಳು.

"ಮುಂದು ನೀಳ್ಳು ತೇರಾ, ತರ್ವಾತ ಅಡುಗು."

ಮೊದಲು ನೀರು ತಾ, ಆಮೇಲೆ ಕೇಳು ಎಂದು ಅದರ ಅರ್ಥ. ಸೋಮವಾರ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗುವ ಮುಂಚೆ ಚೌಡಮ್ಮನ ಕೊಡ ಎತ್ತಿಕೊಂಡು ಆ ಹೊಸ ಬಾವಿಗೆ ಹೋದ. ಗಂಡಸರು ನೀರಿಗೆ ಹೋಗುವುದು ನಮ್ಮ ಕಡೆ ಇರಲಿಲ್ಲ. ಕಟ್ಟೆಯಿಂದ ನಾಲ್ಕು ಮಾರು ದೂರದಲ್ಲಿ, ಹೆಂಗಸರ ಸಾಲಿನ ಕೊನೆಯಲ್ಲಿ ಕೊಡ ಇಟ್ಟುಕೊಂಡು ಕೂತ. ಮೇಲುಬೀದಿಯ ಹೆಂಗಸರಿಗೆ ನಾಚಿಕೆ. ಮೊನ್ನೆಯವರೆಗೂ ಛೇರ್ಮನ್ ಆಗಿದ್ದ ಗಂಡಸಿಗೆ ಅವರು ನೀರು ಹುಯ್ಯುವುದು ಹೇಗೆ? ಅಶ್ವತ್ಥಪ್ಪನೇ ಬಂದು, ಏನು ಮೇಸ್ತ್ರಿ ನಾಟಕ ಇದು, ನೀನೇ ಸೇದಿಕೊಂಡು ಹೋಗು ಎಂದ. ನಾನೊಬ್ಬನೇ ಅಂದ್ರೆ ಬೇಡಪ್ಪ, ಇವರೂ ಸೇದೋ ಹಾಗಿದ್ರೆ ಸೇದ್ತೀನಿ ಎಂದ ಅಪ್ಪ. ಮಾರನೆಯ ದಿನವೂ ಹೋಗಿ ಕೂತ. ಅದರ ಮಾರನೆಯ ದಿನವೂ. ಊರು ನಕ್ಕಿತು, ಅಡ್ಡ ಹೆಸರಿಟ್ಟು ಕೂಗಿತು. ಅಪ್ಪನಿಗೆ ಕೆಲಸ ಕೊಡುವವರು ಕಮ್ಮಿಯಾದರು. ಬೆಳಗಿನ ಹೊತ್ತೆಲ್ಲ ಬಾವಿಯ ಹತ್ತಿರ ಕೂತವನನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ? ಮುದ್ದೆ ಸಣ್ಣದಾಯಿತು. ಅಮ್ಮ ಅಪ್ಪನನ್ನು ಹೋಗಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಶನಿವಾರ ಕೇಳಿದರೆ, ಸ್ವಲ್ಪ ಕಮ್ಮಿ ಆಗೈತೆ ಎನ್ನುತ್ತಿದ್ದಳು. ಕಮ್ಮಿಯಾದರೆ ಸಾಲದು ಎಂದು ಅಪ್ಪ ಹಿಂದಿನ ಬೆಂಚಿನಲ್ಲೇ ಉಳಿಯುತ್ತಿದ್ದ.

ಎರಡು ಮಳೆಗಾಲ ಹೀಗೇ ಹೋಯಿತು. ಆ ನಡುವೆ ಚೌಡಮ್ಮ ತೀರಿಕೊಂಡಳು. ಕೊನೆಯವರೆಗೂ ಅವಳು ಅಪ್ಪನಿಗೆ ಇಲ್ಲ ಎಂಬ ಮಾತನ್ನು ಹೇಳಲಿಲ್ಲ. ನೀರು ಇಸಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೂ ಅಪ್ಪ ಬೇರೆ ಯಾರದಾದರೂ ಕೊಡ ಹಿಡಿದು ಹೋಗುತ್ತಿದ್ದ. ಆಮೇಲೆ ಒಂದು ಬೆಳಿಗ್ಗೆ ಅಪ್ಪನಿಗಿಂತ ಮೊದಲೇ ಅಮ್ಮನೂ ನಾನೂ ಹೋದಾಗ ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ರಾಟೆಗೆ ಹಗ್ಗ ಹಾಕಿತ್ತು. ಹುಯ್ಯುವವರು ಬರಲೇ ಇಲ್ಲ. ಅವರ ಮನಸ್ಸು ಬದಲಾಯಿತು ಎಂದು ನಾನು ಹೇಳಲಾರೆ. ದಿನಾ ಆ ಮನುಷ್ಯನ ಮುಖ ನೋಡಿ ಬೇಸತ್ತಿದ್ದರು, ಅಷ್ಟೇ. ಅಮ್ಮ ಸುಮಾರು ಹೊತ್ತು ಕಾದು, ಎದ್ದು ಹೋಗಿ ಕಟ್ಟೆ ಹತ್ತಿ, ಕೊಡ ಇಳಿಬಿಟ್ಟು ಸೇದಿದಳು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಮನೆಗೆ ಬಂದು ಕೊಡ ಇಳಿಸಿ, ಶನಿವಾರಕ್ಕೂ ಕಾಯದೆ, ಇನ್ನೇನೂ ಇಲ್ಲ ಕಣ್ರೀ ಎಂದಳು. ಅದು ಬುಧವಾರವೋ ಗುರುವಾರವೋ. ಅಪ್ಪ ಸುಣ್ಣ ಕಲಸುತ್ತಿದ್ದವನು ಕಲಸುತ್ತಲೇ ಇದ್ದ. ಅವನು ಮತ್ತೆ ಯಾವ ಎಲೆಕ್ಷನ್ನಿಗೂ ನಿಲ್ಲಲಿಲ್ಲ. ನಾನೂ ಮತ್ತೆ ಸ್ಕೂಲಿಗೆ ಹೋಗಲಿಲ್ಲ. ಅಷ್ಟು ಹೊತ್ತಿಗೆ ದೊಡ್ಡವಳಾಗಿದ್ದೆ.

ನಾನು ಇದರಿಂದ ಏನು ಕಲಿತೆ ಎಂದು ಕೇಳಿದರೆ ಚೊಕ್ಕವಾಗಿ ಹೇಳಲು ಬರುವುದಿಲ್ಲ. ಅಪ್ಪ ಕಳ್ಳನಲ್ಲ. ಕಳ್ಳನಾಗಿದ್ದರೆ ಒಂದೇ ಏಟಿಗೆ ಹಿಡಿಯಬಹುದಿತ್ತು. ಕರ್ತನ ಮುಂದೆ ಶುದ್ಧವಾಗಿರಬೇಕು ಎಂದು ಹೊರಟವನು, ಊರಿನ ಮುಂದೆ ಶುದ್ಧವಾಗಿ ಕಾಣಬೇಕು ಎಂಬಲ್ಲಿಗೆ ಯಾವಾಗ ಬಂದನೋ ಅವನಿಗೇ ತಿಳಿಯಲಿಲ್ಲ. ಎರಡೂ ಒಂದೇ ರೀತಿ ಕಾಣುತ್ತವೆ. ಬೇರೆ ಬೇರೆ ಎಂದು ಅಮ್ಮನಿಗೆ ಕಂಡದ್ದು ಅವಳು ಕೊಡ ಹೊತ್ತವಳಾದ್ದರಿಂದ.

ಸಂಜೆ ಆರೂವರೆಗೆ ಸೌಮ್ಯ ಬಂದಳು. ಕೊರಳಿನ ಹಾರಗಳನ್ನು ತೆಗೆದು ನನಗೆ ಹಾಕಿ, ಅಜ್ಜಿ ಎಂದು ತಬ್ಬಿಕೊಂಡಳು. ನಾನು ಏನು ಹೇಳಲಿ, ಮೈಯೆಲ್ಲ ಹೂವಾಗಿ ನಿಂತೆ. ಸೊಸೆ ಕೋಳಿಸಾರು ಮಾಡಿದ್ದಳು, ಮುದ್ದೆ ಮಾಡಿದ್ದಳು, ಶಿಡ್ಲಘಟ್ಟದಿಂದ ಬಂದ ನನ್ನ ಮಗಳು ಶಾವಿಗೆ ಪಾಯಸ ಮಾಡಿದ್ದಳು. ಚಿಂತಾಮಣಿಯಿಂದ ಬೀಗರು ಬಂದಿದ್ದರು. ಎಲ್ಲರೂ ನಡುಮನೆಯಲ್ಲಿ ಎರಡು ಸಾಲು ಕೂತೆವು, ಮಕ್ಕಳು ಸೇರಿ ಹತ್ತೊಂಬತ್ತು ಜನ. ಮಗ ಪ್ರಾರ್ಥನೆ ಮಾಡಿದ, ಸ್ವಲ್ಪ ಉದ್ದ ಮಾಡಿದ, ಬೀಗರು ಕಣ್ಣು ಬಿಟ್ಟು ಸಾರಿನ ಕಡೆ ನೋಡಿದರು. ಊಟ ಶುರುವಾದ ಮೇಲೆ ಸೌಮ್ಯ ಮೊದಲ ಕೆಲಸದ ಮಾತೆತ್ತಿದಳು. ಚರಂಡಿಗಳನ್ನು ಮಾಡಿಸುತ್ತಾಳಂತೆ. ಮಳೆ ಬಂದರೆ ನಮ್ಮ ಬೀದಿಯಲ್ಲೇ ನೀರು ಮನೆಯೊಳಗೆ ನುಗ್ಗುವುದು, ಹೋದ ವರ್ಷ ಎದುರು ಮನೆಯ ಬಾಣಂತಿ ಮಂಚದ ಮೇಲೆ ಮಗು ಹಿಡಿದು ಕೂತಿದ್ದಳು. ನಮ್ಮ ಬೀದಿಯನ್ನು ಯಾವಾಗ ಮಾಡಿಸುತ್ತೀಯಮ್ಮ ಎಂದು ಬೀಗರು ಕೇಳಿದರು.

"ನಮ್ಮದು ಕೊನೇಲಿ ಮಾವ. ಅಧ್ಯಕ್ಷೆ ಆದ ತಕ್ಷಣ ತನ್ನ ಬೀದೀಗೆ ಮಾಡಿಸ್ಕೊಂಡ್ಳು ಅಂತ ಜನ ಮಾತಾಡಬಾರದು."

ಎಲ್ಲರೂ ಭೇಷ್ ಎಂದರು. ನನ್ನ ಮಗನ ಕಣ್ಣು ಹೆಮ್ಮೆಯಿಂದ ತುಂಬಿಕೊಂಡಿತು. ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. ಇಷ್ಟು ಸಂತೋಷದ ಪಂಕ್ತಿಯಲ್ಲಿ ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಾನು ರಾಹೇಲಮ್ಮನ ಮಗಳು.

"ನಮ್ಮ ಬೀದಿಯೋರೂ ಜನಾನೇ ಕಣಮ್ಮ ಸೌಮ್ಯ," ಎಂದೆ. "ಎಲ್ಲಿ ನೀರು ನುಗ್ಗುತ್ತೋ ಅಲ್ಲಿ ಮೊದಲು ಮಾಡ್ಸು. ಅನ್ನೋರು ಅನ್ಲಿ. ಅನ್ನಿಸ್ಕೊಳ್ಳೋದೂ ನಿನ್ನ ಕೆಲಸಾನೇ."

ಸೌಮ್ಯ ಮುದ್ದೆಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡಿದಳು. ಯಾಕಜ್ಜಿ ಹಾಗಂತೀರ ಎಂದು ಮೆಲ್ಲಗೆ ಕೇಳಿದಳು. ಮೊದಲು ಉಣ್ಣು, ದೊಡ್ಡ ಕಥೆ ಅದು ಎಂದೆ. ಉಣ್ಣುತ್ತಲೇ ಹೇಳಿ ಎಂದು ಅವಳು ತಟ್ಟೆ ಎತ್ತಿಕೊಂಡು, ತನ್ನ ಸಾಲಿನಿಂದ ಎದ್ದು ಬಂದು, ನನಗೂ ನನ್ನ ಮಗಳಿಗೂ ನಡುವೆ ಜಾಗ ಮಾಡಿಕೊಂಡು ಕೂತಳು. ಸೊಸೆ ಅವಳಿಗೆ ಇನ್ನೊಂದು ಸೌಟು ಸಾರು ಬಿಟ್ಟಳು. ನಾನು ಹೇಳಲು ಶುರು ಮಾಡಿದೆ. ಎಲ್ಲರೂ ಉಣ್ಣುತ್ತಾ ಕೇಳಿದರು.